ಹಕ್ಕಿ ಮೇಷ್ಟ್ರ ಅರ್ಧ ಸಿಳ್ಳೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆ, ಅವರ ಕೈ ಬಿಡದೆ ಕುಳಿತಿರುವ ನಮ್ಮ ಪುಟ್ಟಿ, ಮಾನ್ಯ ನಿರ್ದೇಶಕರು, ಪ್ರಯೋಗಾಲಯದ ಗೆಳೆಯ ಗೆಳತಿಯರು — ಬಿಡುವು ಮಾಡಿಕೊಂಡು ಬಂದಿದ್ದೀರಿ, ನಿಮ್ಮ ದೊಡ್ಡ ಮನಸ್ಸು. ಗೋಡೆಗೆ ಒರಗಿ ನಿಂತವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಶುರು ಮಾಡುವ ಮೊದಲು ಒಂದು ಮಾತು. ನಿಮ್ಮ ಬೆನ್ನ ಹಿಂದೆ ಹಕ್ಕಿಮನೆಯ ಬಾಗಿಲಿದೆ. ಯಾವಾಗಲೂ ಮುಚ್ಚಿರುವ ಬಾಗಿಲು ಇವತ್ತು ತೆರೆದಿದೆ. ನಾನೇ ತೆರೆದಿಟ್ಟಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ತಿರುಗಿ ನೋಡಬೇಡಿ. — ಸರಿ, ಈಗ ಎಲ್ಲರೂ ನೋಡಿ ಆಯಿತಲ್ಲ, ಇನ್ನು ಸಾಕು.

ಅತ್ತಿಗೆಯ ಯಜಮಾನರನ್ನು ನೆನೆಯಲು ನಾವು ಇವತ್ತು ಸೇರಿದ್ದೇವೆ; ನಾವೆಲ್ಲ ಅವರನ್ನು ಹಕ್ಕಿ ಮೇಷ್ಟ್ರು ಅನ್ನುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹಕ್ಕಿಗಳಿಗೆ ಪಾಠ ಹೇಳಿಕೊಟ್ಟು ಸಂಪಾದಿಸಿದ ಹೆಸರು ಅದು. ಅದೂ ಹೇಳಿಕೊಡಲೇಬಾರದಾಗಿದ್ದ ಪಾಠ!

ನಮ್ಮಲ್ಲಿರುವುದು ಮುಷ್ಟಿಯೊಳಗೆ ಅಡಗುವ ಬೂದು ಹಕ್ಕಿಗಳು. ಇವುಗಳಲ್ಲಿ ಹಾಡುವುದು ಗಂಡು ಮಾತ್ರ. ಗಂಡು ಮರಿ ಅಪ್ಪನ ಹಾಡು ಕೇಳಿ ಕಲಿಯುತ್ತದೆ. ಹಾಗಾದರೆ ಅಪ್ಪನ ಹಾಡನ್ನೇ ಕೇಳದ ಮರಿ ಏನು ಹಾಡೀತು? ಇದು ಮೇಷ್ಟ್ರ ಪ್ರಶ್ನೆ. ಅದಕ್ಕಾಗಿ ಎಳೆಯ ಮರಿಗಳನ್ನು ಬೇರೆ ಮಾಡಿ, ಶಬ್ದ ಹೊಗದ ಕೋಣೆಯಲ್ಲಿಟ್ಟು, ಒಬ್ಬರೇ ಕುಳಿತು ಸಿರಿಂಜಿನಲ್ಲಿ ಗುಟುಕು ಕೊಟ್ಟು ಸಾಕಿದರು. ಆ ಕೋಣೆಯಲ್ಲಿ ತುಟಿ ಬಿಚ್ಚುವ ಹಾಗಿಲ್ಲ. ನೆರವಿಗೆಂದು ಒಳಗೆ ಹೋಗಿದ್ದ ನಾನೊಮ್ಮೆ ಸೀನಿದೆ. ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು. "ಸೀನು ಬಂದ್ರೆ ಮೂಗು ಹಿಡ್ಕೊಂಡು ಓಡಿ ಬರ್ಬೇಕಪ್ಪ, ಇದೇನು ಬಸ್ ಸ್ಟ್ಯಾಂಡಾ?"

ಅಂಥವರು! ಮರಿಗಳು ಬಲಿತವು. ಮೊದಲನೆಯದು ಬಾಯಿ ತೆರೆಯುವ ದಿನ ನಾವೆಲ್ಲ ಹೊರಗೆ, ಅವತ್ತೇ ಜೋಡಿಸಿದ ಸ್ಪೀಕರಿಗೆ ಕಿವಿಯಿಟ್ಟು ನಿಂತಿದ್ದೆವು. ಹಕ್ಕಿ ಹಾಡಿತು. ಹಾಡಿದ್ದು — ಸಿಳ್ಳೆ. ಮನುಷ್ಯರ ಸಿಳ್ಳೆ. ಮೇಲೇರುವ ಮೂರು ಸ್ವರ, ನಡುವೆ ಉಸಿರು ಸಿಕ್ಕಿಕೊಂಡ ಹಾಗೆ ಸಣ್ಣದೊಂದು ತಡೆ, ಆಮೇಲೆ ಕೆಳಗಿಳಿಯುವ ಒಂದು ಸ್ವರ. ಅದಾದ ಮೇಲೆ ಮೌನ. ಮತ್ತೆ ಅದೇ ಸಿಳ್ಳೆ.

ಎಲ್ಲರೂ ಮೇಷ್ಟ್ರ ಮುಖ ನೋಡಿದೆವು. "ನಾನಾ? ನಾನ್ಯಾಕೆ ಸಿಳ್ಳೆ ಹಾಕ್ಲಿ? ನಿಮ್ಗೆಲ್ಲ ತಲೆ ಕೆಟ್ಟಿದೆ," ಅಂದರು. ಕೋಣೆಯ ಕ್ಯಾಮೆರಾದಲ್ಲಿ ಶಬ್ದ ದಾಖಲಾಗುತ್ತಿರಲಿಲ್ಲ, ಚಿತ್ರ ಮಾತ್ರ. ಅದನ್ನು ಹಾಕಿ ತೋರಿಸಿದೆವು. ಕೈಯಲ್ಲಿ ಸಿರಿಂಜು, ತುಟಿ ಗುಂಡಗೆ. ಹಾಯಾಗಿ ಸಿಳ್ಳೆ ಹಾಕುತ್ತಿದ್ದಾರೆ! ಹಾಕಿ, ಕತ್ತು ಓರೆ ಮಾಡಿ, ಬಾಗಿಲ ಕಡೆ ನೋಡುತ್ತಾರೆ. ಮತ್ತೆ ಹಾಕುತ್ತಾರೆ. ಪಾಪ, ಅವರಿಗೆ ಅದು ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಾಗ ತಾನಾಗಿ ಬರುತ್ತಿದ್ದ ಸಿಳ್ಳೆ ಅದು.

ನಿರ್ದೇಶಕರು ಅವತ್ತು ಕೆಂಡಾಮಂಡಲ. "ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತಲ್ರೀ!" — ಸಾರ್, ಕ್ಷಮಿಸಿ, ನೀವು ಅಂದದ್ದನ್ನೇ ಹೇಳುತ್ತಿದ್ದೇನೆ. ಮೇಷ್ಟ್ರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟೇ: "ಕೆಟ್ಟಿದ್ದು ಕೆಟ್ಟೋಯ್ತು. ಇವುಗಳ ಮಕ್ಕಳು ಏನು ಕಲೀತಾವೆ, ನೋಡೋಣ ಸಾರ್."

ಮಕ್ಕಳು ಕಲಿತವು. ಮೊಮ್ಮಕ್ಕಳೂ ಕಲಿತವು. ಅಷ್ಟರಲ್ಲಿ ಮೇಷ್ಟ್ರ ಗಂಟಲಿಗೆ ಕಾಯಿಲೆ ಬಂತು, ಶಸ್ತ್ರಚಿಕಿತ್ಸೆ ಆಯಿತು. ನಿಮಗೆಲ್ಲ ಗೊತ್ತಿದೆ, ಇಲ್ಲಿ — ಕತ್ತಿನ ಬುಡದಲ್ಲಿ ಒಂದು ತೂತು, ಅದರಿಂದಲೇ ಉಸಿರು. ಬಾಯಿಗೆ ಗಾಳಿ ಬಾರದು. ಮಾತೂ ಹೋಯಿತು, ಸಿಳ್ಳೆಯೂ ಹೋಯಿತು.

ಈಗ ಹಿಂದಿನ ಕೋಣೆಯಲ್ಲಿರುವ ಹಕ್ಕಿಗಳೆಲ್ಲ ಅದಾದ ಮೇಲೆ ಹುಟ್ಟಿದವು. ಇದನ್ನು ನೆನಪಿಟ್ಟುಕೊಳ್ಳಿ. ಇವುಗಳಲ್ಲಿ ಒಂದೂ ಮೇಷ್ಟ್ರ ಸಿಳ್ಳೆಯನ್ನು ಮೇಷ್ಟ್ರಿಂದ ಕೇಳಿಲ್ಲ.

ತಲೆಮಾರು ಕಳೆದಂತೆ ಸ್ವರಗಳು ಬದಲಾದವು. ಸಿಳ್ಳೆ ಚುರುಕಾಯಿತು, ಹಕ್ಕಿಯ ದನಿಗೆ ಹತ್ತಿರವಾಯಿತು. ಅದು ಸಹಜ, ನಾವು ನಿರೀಕ್ಷಿಸಿದ್ದೇ. ಆದರೆ ಎರಡು ಮಾತ್ರ ಬದಲಾಗಲಿಲ್ಲ. ನಡುವೆ ಉಸಿರು ಸಿಕ್ಕಿಕೊಳ್ಳುವ ಆ ತಡೆ. ಮತ್ತೆ, ಸಿಳ್ಳೆ ಮುಗಿದ ಮೇಲಿನ ಆ ಮೌನ. ಅದು ಎಳ್ಳಷ್ಟೂ ಕುಗ್ಗಲಿಲ್ಲ. ಆ ಮೌನದಲ್ಲಿ ಪ್ರತಿಯೊಂದು ಹಕ್ಕಿಯೂ ಕತ್ತು ಓರೆ ಮಾಡಿ ಬಾಗಿಲ ಕಡೆ ನೋಡುತ್ತದೆ.

ಯಾಕೆ? ನಾನು ಒಂದರ ಮೇಲೊಂದು ಕಾರಣ ಹುಡುಕಿದೆ. ಶ್ವಾಸಕೋಶ ಅಂದೆ, ಮೆದುಳು ಅಂದೆ. ಮೇಷ್ಟ್ರು ಎದುರು ಕುಳಿತು ಅಲ್ಲ ಅಂತ ತಲೆಯಾಡಿಸುತ್ತಿದ್ದರು. ಒಂದು ಸಂಜೆ ರೇಗಿಹೋಗಿ, "ನಿಮ್ಗೆ ಗೊತ್ತಿದ್ರೆ ಹೇಳ್ಬಿಡಿ ಮಹರಾಯ್ರೆ, ಏನಿದು ಖಾಲಿ ಜಾಗ?" ಅಂದೆ. ಮೇಷ್ಟ್ರು ಕೈಯೆತ್ತಿ ಕಿಟಕಿಯಾಚೆ — ಹೀಗೆ — ತಮ್ಮ ಮನೆ ಇರುವ ದಿಕ್ಕು ತೋರಿಸಿದರು. ನಾನು ಏನಂದೆ ಗೊತ್ತಾ? "ಹೊರಟ್ರಾ? ಹೊರಡಿ ಹೊರಡಿ, ಅತ್ತಿಗೆ ಕಾಯ್ತಿರ್ತಾರೆ." ಮೇಷ್ಟ್ರು ಭುಜ ಕುಲುಕಿಸಿ ಸದ್ದಿಲ್ಲದೆ ನಕ್ಕರು. ಆದರೆ ಹೊರಡಲಿಲ್ಲ, ಕುಳಿತೇ ಇದ್ದರು.

ಮೇಷ್ಟ್ರು ತೀರಿಕೊಂಡ ಮಾರನೆಯ ಬೆಳಿಗ್ಗೆ ಪಂಜರ ತೊಳೆಯುವ ಅಕ್ಕ ಹಕ್ಕಿಮನೆಯ ಹೊರಗೆ ಬಕೆಟ್ ಹಿಡಿದು ನಿಂತಿದ್ದರು. "ನಾನೊಬ್ಳೇ ಒಳಗೆ ಹೋಗಲ್ಲ ಸಾರ್. ಅವರು ಇದ್ದಾರೆ," ಅಂದರು. "ಓದಿದವರ ಜೊತೆ ಇಷ್ಟು ವರ್ಷ ಕೆಲಸ ಮಾಡಿ ಇದೇನಕ್ಕ ನೀವು," ಅಂತ ದೊಡ್ಡ ಧೈರ್ಯವಂತನ ಹಾಗೆ ನಾನೇ ಒಳಗೆ ಹೋದೆ. ನೀರಿನ ಬಟ್ಟಲು ಬದಲಾಯಿಸುತ್ತಿದ್ದೆ. ಗಾಳಿಯಾಡಿಸುವ ಯಂತ್ರ ಆಗಾಗ ತಾನಾಗಿ ನಿಲ್ಲುತ್ತದೆ, ಅವತ್ತೂ ನಿಂತಿತು. ಕೋಣೆ ಪೂರ್ತಿ ನಿಶ್ಶಬ್ದ. ಆಗ ನನ್ನ ಬೆನ್ನ ಹಿಂದೆ, ಸರಿಯಾಗಿ ಆಳೆತ್ತರದಲ್ಲಿ — ಮೂರು ಸ್ವರ, ತಡೆದ ಉಸಿರು, ಒಂದು ಸ್ವರ.

"ಹಾಂ, ಬಂದೆ ಮೇಷ್ಟ್ರೇ," ಅಂದುಬಿಟ್ಟೆ. ಅಂದು ತಿರುಗಿದೆ.

ಯಾರೂ ಇಲ್ಲ. ಮೇಲಿನ ಸಾಲಿನ ಪಂಜರದಲ್ಲಿ ಒಂದು ಎಳೆಯ ಹಕ್ಕಿ. ಅದೊಂದೇ ಅಲ್ಲ, ಎಲ್ಲ ಪಂಜರಗಳ ಎಲ್ಲ ಹಕ್ಕಿಗಳೂ ಕತ್ತು ಓರೆ ಮಾಡಿ ಕುಳಿತಿವೆ. ನನ್ನನ್ನು ನೋಡುತ್ತಿಲ್ಲ. ನನ್ನನ್ನು ದಾಟಿ, ಬಾಗಿಲನ್ನು ನೋಡುತ್ತಿವೆ. ಹಾಡು ಕಿವಿಯಿಂದ ಮೆದುಳಿಗೆ, ಮೆದುಳಿನಿಂದ ಕೊರಳಿಗೆ ಹೇಗೆ ಹೋಗುತ್ತದೆ ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸಬಲ್ಲೆ. ಆದರೂ, ಸುಳ್ಳು ಯಾಕೆ ಹೇಳಲಿ, ನಾನೂ ಬಾಗಿಲ ಕಡೆ ನೋಡಿದೆ.

ಹೊರಗೆ ಬಂದವನೇ ಅತ್ತಿಗೆಗೆ ಫೋನ್ ಮಾಡಿದೆ. ದುಃಖದ ಮನೆ, ಇಂಥದ್ದನ್ನು ಕೇಳಬಾರದು ನಿಜ. ತಡೆಯಲಾಗಲಿಲ್ಲ. "ಅತ್ತಿಗೆ, ಹಕ್ಕಿಗಳು ಹೀಗೆ ಹಾಡಿ ಆಮೇಲೆ ಸುಮ್ನಿರ್ತಾವೆ, ಇದು ಏನಾದ್ರೂ ಗೊತ್ತಾ ನೋಡಿ," ಅಂತ ನನಗೆ ಬಂದ ಹಾಗೆ ಸಿಳ್ಳೆ ಹಾಕಿದೆ. ಆಮೇಲೆ ಅತ್ತಿಗೆ ಹೇಳಿದರು: "ಅದಾದ್ಮೇಲೆ ನಂದು."

"ಏನು ಅತ್ತಿಗೆ?"

"ಅದಾದ್ಮೇಲೆ ಸುಮ್ನಿರ್ತಾವೆ ಅಂದ್ರಲ್ಲ. ಆ ಜಾಗ ನಂದು."

ಮದುವೆಯಾದ ಹೊಸತರಿಂದ ನಡೆದುಬಂದದ್ದಂತೆ. ಕೆಲಸ ಮುಗಿಸಿ ಬಂದ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ನಿಂತು ಸಿಳ್ಳೆ ಹಾಕುವುದು. ಮೇಲಿನಿಂದ ಅತ್ತಿಗೆ ಎರಡು ಸ್ವರದ ಉತ್ತರ ಕೊಡುವುದು. ಬಾಗಿಲು ತೆರೆದಿದೆ, ಬನ್ನಿ ಅಂತ ಅದರ ಅರ್ಥ. ಕತ್ತು ಓರೆ ಮಾಡಿ ಅದನ್ನು ಕೇಳಿಸಿಕೊಂಡ ಮೇಲೇ ಮೇಷ್ಟ್ರು ಹತ್ತಿ ಬರುತ್ತಿದ್ದದ್ದು. ಅತ್ತಿಗೆಗೆ ಸಿಟ್ಟಿದ್ದ ದಿನ ಉತ್ತರ ಇಲ್ಲ. ಅವತ್ತು ಕೆಳಗೇ ನಿಂತು ಮತ್ತೆ ಮತ್ತೆ ಸಿಳ್ಳೆ. ಅಕ್ಕಪಕ್ಕದವರಿಗೆಲ್ಲ ಇವರ ಜಗಳ ಹೀಗೇ ಗೊತ್ತಾಗುತ್ತಿತ್ತಂತೆ!

ಗಂಟಲು ಹೋದ ಮೇಲೆ ಮೇಷ್ಟ್ರು ಬೀಗದ ಕೈಯಿಂದ ಕಂಬಿ ಬಡಿಯುತ್ತಿದ್ದರು. ಮೊದಲ ದಿನ ಅತ್ತಿಗೆ ಎಂದಿನ ಹಾಗೆಯೇ ಸಿಳ್ಳೆಯಲ್ಲಿ ಉತ್ತರ ಕೊಟ್ಟರು. ಮೇಲೆ ಬಂದ ಮೇಷ್ಟ್ರ ಕಣ್ಣು ತುಂಬಿತ್ತು. ಆಮೇಲೆ ಅತ್ತಿಗೆ ಸಿಳ್ಳೆ ಹಾಕುವುದನ್ನೇ ಬಿಟ್ಟರು. ಪುಟ್ಟಿ ಆಗ ತೊಟ್ಟಿಲ ಕೂಸು. ಅಪ್ಪನ ಸಿಳ್ಳೆ ಅವಳಿಗೆ ಗೊತ್ತಿಲ್ಲ. ಅದು ಯಾವ ಯಂತ್ರದಲ್ಲೂ ಇಲ್ಲ. ಉಳಿದಿರುವುದು ಆ ಬಾಗಿಲ ಹಿಂದೆ ಮಾತ್ರ.

ಅತ್ತಿಗೆ ಸಭೆ ಇಲ್ಲೇ ಆಗಲಿ ಅಂದರು. ಜೊತೆಗೆ ಒಂದು ಪ್ರಶ್ನೆ ಕೇಳಿದರು. "ನಾನು ಉತ್ತರ ಕೊಟ್ರೆ ನಿಮ್ಮ ಕೆಲಸ ಕೆಡುತ್ತಾ?"

ನಿಜ ಹೇಳಬೇಕಾಯಿತು. ಒಳಗೆ ಕಲಿಯುವ ವಯಸ್ಸಿನ ಮರಿಯೊಂದಿದೆ. ಈಗ ಏನು ಕೇಳುತ್ತದೋ ಅದು ಸಾಯುವ ತನಕ ಅದರಲ್ಲಿ ಉಳಿಯಬಹುದು, ಅದರ ಮಕ್ಕಳಿಗೂ ಹೋಗಬಹುದು. ಆ ಮೌನ ತುಂಬಿಹೋದರೆ ಮೇಷ್ಟ್ರ ಕೊನೆಯ ಕೆಲಸ ಅಲ್ಲಿಗೆ ಮುಗಿಯಿತು. "ಕೆಡುತ್ತೆ ಅತ್ತಿಗೆ," ಅಂದೆ. "ಹಾಗಾದ್ರೆ ಬೇಡ ಬಿಡಿ. ಅವರ ಕೆಲಸ ನನ್ನಿಂದ ಕೆಡೋದು ಬೇಡ," ಅಂತ ಫೋನ್ ಇಟ್ಟರು.

ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಹೇಳುತ್ತೇನೆ ಕೇಳಿ, ನನಗೆ ಭಯವಾಗುವುದು ಸಿಳ್ಳೆಯಿಂದ ಅಲ್ಲ, ಆ ಮೌನದಿಂದ. ಇವು ಕಾಯುತ್ತವೆ. ಇವುಗಳ ಮಕ್ಕಳು ಕಾಯುತ್ತವೆ. ಯಾರಿಗಾಗಿ ಅಂತ ಗೊತ್ತಿಲ್ಲದೆ, ಮೆಟ್ಟಿಲ ಬುಡದಲ್ಲಿ ನಿಂತವರ ಹಾಗೆ ಕತ್ತು ಓರೆ ಮಾಡಿಕೊಂಡು, ನಾವೆಲ್ಲ ಸತ್ತ ಮೇಲೂ ಕಾಯುತ್ತವೆ. ಇಂದು ಬೆಳಿಗ್ಗೆ ನಿರ್ದೇಶಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಬಾಗಿಲು ತೆಗೆದಿಡಿ," ಅಂದರು.

ಈಗ ಎದ್ದು ನಿಲ್ಲೋಣ. ಫ್ಯಾನ್ ಆರಿಸುತ್ತಾರೆ. ಮೇಷ್ಟ್ರು ಯಾರೂ ಇಲ್ಲದಾಗ ಸಿಳ್ಳೆ ಹಾಕುತ್ತಿದ್ದರಲ್ಲ, ಈ ಹಕ್ಕಿಗಳೂ ಹಾಗೇ, ಪೂರ್ತಿ ನಿಶ್ಶಬ್ದವಾದರೆ ಮಾತ್ರ ಶುರು ಮಾಡುತ್ತವೆ. ಹಾಡಿದರೆ — ಯಾರೂ ತಿರುಗಬೇಡಿ, ಕೆಮ್ಮಬೇಡಿ. ಆಮೇಲೆ ಬರುವ ಮೌನ ನಮ್ಮದಲ್ಲ. ಅದನ್ನು ಯಾರೂ ಮುಟ್ಟಬೇಡಿ.

ಅತ್ತಿಗೆ, ಕೆಡಲಿ. ಮೊದಲು ಕೆಡಿಸಿದವರೇ ಅವರು. ನಿಮಗೆ ಮನಸ್ಸಿಲ್ಲದಿದ್ದರೆ ಬೇಡ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮನಸ್ಸಿದ್ದರೆ, ಬಾಗಿಲು ತೆರೆದಿದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫ್ಯಾನ್ ಆರಿಸಿಬಿಡಿ.

ಪುಟ್ಟಿ, ಹೆದರ್ಕೋಬೇಡ ಕಂದ. ಅಪ್ಪ ಮನೆಗೆ ಬರ್ತಿದ್ದಿದ್ದೇ ಹೀಗೆ.