ಬೆಂಕಿಗೆ ಹೊರಟಿದ್ದ ನಮ್ಮ ಮನೆಯ ಕಕ್ಕಸು

ಅಧ್ಯಕ್ಷರಾದ ಡೆಲ್ಬರ್ಟ್ ಪೂಲ್ ಅವರೇ, ಊಟಕ್ಕೆ ಮೊದಲು ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿಗಳೇ, ಎಲ್ಕ್ ರಿಡ್ಜ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ, ನಾಳೆ ಮೈದಾನಕ್ಕಿಳಿಯಲಿರುವ ಮಕ್ಕಳೇ, ಸಭಿಕರೇ,

ಈ ಕಾಲೇಜಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಆಲೂಗಡ್ಡೆ ಸುಲಿದವಳ ಎದೆಗೆ ಹೂವು ಚುಚ್ಚಿ, ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನಾನು ಓದಿದ್ದು ಹಳ್ಳಿಯ ಒಂದು ಕೋಣೆಯ ಶಾಲೆಯಲ್ಲಿ. ದೇವರು ಬಾಯಿಗೆ ಕೊಟ್ಟಷ್ಟು ಹೇಳುತ್ತೇನೆ. ಹಿಂದಿನ ಕಾಲದಲ್ಲಿ ಫುಟ್‌ಬಾಲ್ ಪಂದ್ಯದ ಮುನ್ನಾದಿನ ನಡೆಯುತ್ತಿದ್ದ ಹುರುಪಿನ ಸಭೆಗಳ ಬಗ್ಗೆ ಹೇಳಿ ಎಂದಿದ್ದೀರಿ. ಹೇಳಬೇಕಾದರೆ ಕಕ್ಕಸಿನ ವಿಷಯ ಎತ್ತಲೇಬೇಕು. ಊಟ ಮುಗಿದಿದೆ ತಾನೇ?

ಇಂದಿನ ಮಕ್ಕಳಿಗೆ ಗೊತ್ತಿರಲಾರದು. ದೊಡ್ಡ ಪಂದ್ಯದ ಹಿಂದಿನ ಶುಕ್ರವಾರ ಸಂಜೆ ಮೈದಾನದಲ್ಲಿ ಮನೆಯೆತ್ತರ ಸೌದೆ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಸೌದೆ ತರುವುದು ಮೊದಲ ವರ್ಷದ ಹುಡುಗರ ಪಾಡು. ರಾಶಿಯ ನೆತ್ತಿಯ ಮೇಲೆ ಯಾರದೋ ಹಿತ್ತಲಿನ ಮರದ ಕಕ್ಕಸು ಇಟ್ಟು, ಅದರ ಮೇಲೆ ಎದುರಾಳಿ ಕಾಲೇಜಿನ ಹೆಸರು ಬರೆಯಬೇಕು. ಅದಿಲ್ಲದ ರಾಶಿ ರಾಶಿಯೇ ಅಲ್ಲ! ಆದರೆ ಪಾಳುಬಿದ್ದ ಮನೆಯದನ್ನೇ ತರಬೇಕೆಂಬ ಕಟ್ಟಳೆ ಇತ್ತು. ನಮ್ಮ ಪಕ್ಕದ ಹೊಲದ ಮನೆ ಪಾಳುಬಿದ್ದಿತ್ತು. ನಡುವೆ ಇದ್ದದ್ದು ಒಂದು ಸಾಲು ಅಕ್ರೋಟು ಮರ. ಹುಡುಗರು ಮರದ ಈಚೆಗೆ ಬಂದುಬಿಟ್ಟರು.

ಆಗ ನನಗೆ ಹದಿನಾಲ್ಕು. ಅಜ್ಜಿ ಕೋಲೂರಿಕೊಂಡು ಹಿತ್ತಲಿಗೆ ಹೋದವಳು ಹಾಗೆಯೇ ವಾಪಸು ಬಂದಳು.

"ಹುಲ್ಡಾ, ಕಕ್ಕಸು ಇಲ್ಲ ಕಣೇ."

"ಇಲ್ಲ ಅಂದ್ರೆ?" ಎಂದಳು ಅಮ್ಮ.

"ಇಲ್ಲ ಅಂದ್ರೆ ಇಲ್ಲ. ಗುಂಡಿ ಇದೆ, ಗೂಡಿಲ್ಲ."

ಅಂದು ಶುಕ್ರವಾರವೆಂದು ಅಮ್ಮನಿಗೆ ನೆನಪಾಯಿತು; ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು, ನನ್ನ ಕೈ ಹಿಡಿದು ಕಾಲೇಜಿನ ಮೈದಾನಕ್ಕೆ ಹೊರಟಳು. ನಾನು ಅಳುವುದೊಂದು ಬಾಕಿ. ಮಡಿಕೆ ಲಂಗ ತೊಟ್ಟು ಹಾಡುತ್ತಾ ಹೋಗುವ ಈ ಕಾಲೇಜಿನ ಹುಡುಗಿಯರನ್ನು ಬೇಲಿಯಾಚೆಯಿಂದ ನೋಡಿ ನೋಡಿ, ಅವರ ಕಣ್ಣಿಗೆ ನಾನೂ ಒಬ್ಬಳು ಮನುಷ್ಯಳಾಗಿ ಕಾಣಬೇಕೆಂದು ಆಸೆಪಟ್ಟವಳು ನಾನು.

"ಬೇಡಮ್ಮ, ಇಡೀ ಕಾಲೇಜು ನೋಡುತ್ತೆ. ನಾಳೆಯಿಂದ ನನ್ನ ಏನಂತ ಕರೀತಾರೆ ಗೊತ್ತಾ?"

"ಏನಾದ್ರೂ ಕರೀಲಿ. ನಿಮ್ಮಜ್ಜಿ ಎಲ್ಲಿಗೆ ಹೋಗ್ಬೇಕು, ಅದನ್ನ ಹೇಳು."

ನಾವು ಹೋದಾಗ ಬ್ಯಾಂಡು ಬಾರಿಸುತ್ತಿತ್ತು. ಗುಂಪಿನಿಂದ ಜೈಕಾರದ ಕೂಗು ಹಾಕಿಸುವ ಹುಡುಗನೊಬ್ಬ ಪಂಜು ಹಿಡಿದು ರಾಶಿಯ ಬುಡದಲ್ಲಿ ನಿಂತಿದ್ದ. ಯಾರು ಆ ಹುಡುಗ ಎಂದು ಕೇಳುತ್ತೀರಾ? ಅಧ್ಯಕ್ಷರು ಈಗ ನೀರು ಕುಡಿಯುತ್ತಿದ್ದಾರೆ. ಕುಡಿಯಲಿ ಪಾಪ.

"ಲೋ, ಪಂಜು ಆಚೆ ಹಿಡಿ. ಅದು ನಮ್ಮದು," ಎಂದಳು ಅಮ್ಮ.

"ಇಲ್ಲಮ್ಮ, ಅದು ಪಾಳು ಮನೇದು."

"ಪಾಳು ಮನೇದಾದ್ರೆ ಒಳಗೋಡೆಗೆ ನಮ್ಮ ಚರ್ಚಿನ ಕ್ಯಾಲೆಂಡರ್ ಯಾಕಿದೆ? ಹತ್ತಿ ನೋಡು."

ಒಬ್ಬ ಹತ್ತಿ, ಬಾಗಿಲು ತೆರೆದು, ಒಳಗಿನಿಂದಲೇ ಕೂಗಿದ: "ಇದೆ ಕಣ್ರೋ! ಈ ತಿಂಗಳದ್ದೇ!"

ಮೈದಾನಕ್ಕೆ ಮೈದಾನವೇ ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

"ನಗ್ರಪ್ಪಾ, ನಗಿ," ಎಂದಳು ಅಮ್ಮ. "ಮನೇಲಿ ಮುದುಕಿ ಒಬ್ಳು ಕಾಯ್ತಾ ಕೂತಿದ್ದಾಳೆ."

ನಗು ನಿಂತಿತು. "ಇಳಿಸ್ರೋ!" ಎಂದರು ಪೂಲ್. ಆಮೇಲೆ ನಡೆದದ್ದನ್ನು ಯಾವ ಕಾಲೇಜು ನೋಡಿದೆ, ಹೇಳಿ? ಮುಂದೆ ಬ್ಯಾಂಡು, ನಡುವೆ ಹೆಗಲ ಮೇಲೆ ನಮ್ಮ ಕಕ್ಕಸು, ಹಿಂದೆ ಇಡೀ ಸಭೆ ನಮ್ಮ ಮನೆಯವರೆಗೆ ಹಾಡುತ್ತಾ ನಡೆದು ಬಂತು. ಬಾಗಿಲನ್ನು ರಸ್ತೆಯ ಕಡೆಗೆ ಮಾಡಿ ಇಟ್ಟರು.

"ಎತ್ತಿ, ತಿರುಗ್ಸಿ," ಎಂದಳು ಅಮ್ಮ. "ನಿಮ್ಮ ತಾಯಂದಿರು ಏನೂ ಕಲಿಸಿಲ್ವಾ?"

ಅಜ್ಜಿ ಕೋಲೂರಿಕೊಂಡು ಬಂದಳು. ಪೂಲ್ ಅವರು ಸನ್ನೆ ಮಾಡಿದರು. ಇಡೀ ಬ್ಯಾಂಡು ಬೆನ್ನು ತಿರುಗಿಸಿ ನಿಂತು, ಮುದುಕಿಗೆ ಸಂಕೋಚವಾಗದಿರಲೆಂದು ಆಕಾಶ ಹರಿಯುವಂತೆ ಬಾರಿಸಿತು. ವಿದ್ಯಾರ್ಥಿಗಳ ಹುರುಪೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಾನು ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ ಅವಿತಿದ್ದೆ. ನೀರು ಕೇಳಿಕೊಂಡು ಬಂದ ಪೂಲ್ ನನ್ನನ್ನು ಕಂಡರು.

"ತಂಗೀ, ನಾಳೆ ಪಂದ್ಯಕ್ಕೆ ಬರ್ತೀಯಲ್ಲ?"

"ಬಂದ್ರೆ ನಗ್ತೀರಿ."

"ನಗ್ತೀವಿ. ನೀನೂ ನಮ್ಮ ಜೊತೆ ಕೂತ್ಕೊಂಡು ನಗು."

ಹೋಗುವುದಿಲ್ಲವೆಂದು ಹಟ ಹಿಡಿದೆ. ಅಮ್ಮ ಬಿಡಲಿಲ್ಲ. ಫುಟ್‌ಬಾಲ್ ಎಂದರೆ ಸೋಮಾರಿಗಳ ಗಲಾಟೆ ಎನ್ನುತ್ತಿದ್ದ ನನ್ನಮ್ಮ, ಕೀರ್ತನೆ ಬಿಟ್ಟು ಬೇರೆಲ್ಲೂ ದನಿ ಎತ್ತದ ನನ್ನಮ್ಮ, ಅದೇ ಟೋಪಿ ಹಾಕಿಕೊಂಡು ಹೊರಟಳು. ಹುಡುಗಿಯರು ಸರಿದು ಜಾಗ ಕೊಟ್ಟರು. ನಾನು ತಲೆ ತಗ್ಗಿಸಿ ಕುಳಿತೆ.

ಪಂದ್ಯದಲ್ಲಿ ನಮ್ಮವರು ಚೆನ್ನಾಗಿ ಒದೆ ತಿಂದರು. ಕೊನೆಕೊನೆಗೆ ಯಾರಿಗೂ ದನಿಯೇ ಹೊರಡಲಿಲ್ಲ. ಆಗ ಅಮ್ಮ ಎದ್ದು ನಿಂತಳು.

"ಯಾಕ್ರೋ ಬಾಯಿ ಮುಚ್ಕೊಂಡು ಕೂತಿದೀರಿ? ನಿನ್ನೆ ನಮ್ಮ ಹಿತ್ತಲಲ್ಲಿ ಇತ್ತಲ್ಲ ಆ ಗಂಟಲು, ಎಲ್ಲಿ ಹೋಯ್ತು?"

ಸಾಲು ಸಾಲು ಮುಖಗಳು ನಮ್ಮತ್ತ ತಿರುಗಿದವು. ಅವಳ ಕೋಟು ಹಿಡಿದು ಎಳೆಯಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಒಬ್ಬಳೇ ಕೂಗತೊಡಗಿದಳು. ನನ್ನ ಅಮ್ಮ, ಒಬ್ಬಳೇ. ನಾನು ಹೇಗೆ ಕೂತಿರಲಿ? ಎದ್ದು ನಿಂತು ನಾನೂ ಕೂಗಿದೆ. ಪಕ್ಕದ ಹುಡುಗಿ ಎದ್ದಳು, ಆಮೇಲೆ ಎಲ್ಲರೂ ಎದ್ದರು.

ಪಂದ್ಯ ಸೋತೇ ಹೋಯಿತು. ಕೂಗಿದರೆ ಅಂಕ ಬರುವುದಿಲ್ಲ, ಮಕ್ಕಳೇ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಹಾಡಲು ನನಗೆ ಗಂಟಲೇ ಇರಲಿಲ್ಲ. ಅಮ್ಮ ಬೈಯುತ್ತಾಳೆಂದು ಓರೆಗಣ್ಣಲ್ಲಿ ನೋಡಿದೆ. ಅವಳು ಪುಸ್ತಕ ಹಿಡಿದು ಬರೀ ತುಟಿ ಆಡಿಸುತ್ತಿದ್ದಳು. ಅವಳಿಗೂ ದನಿ ಇರಲಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ನಿಮಗೂ, ಈ ಬದುಕು ಕೊಟ್ಟ ಕರ್ತನಿಗೂ ನಾನು ಋಣಿ. ನಮಸ್ಕಾರ.