ಬಲೆಯ ಗುಂಡು

ಎಂಬತ್ತನಾಲ್ಕರ ಬೇಸಿಗೆ. ರಾಯಚೂರು ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ, ಸೊಸೆ. ಅತ್ತೆಯ ತೊಡೆಯ ಮೇಲಿದ್ದ ಕೂಸು ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡನ್ನು ಚೀಪುತ್ತಿತ್ತು.

“ಅತ್ತೀ, ಅದನ್ನ ಕಸ್ಗೋರಿ. ಸೀಸ ಹೊಟ್ಟ್ಯಾಗ ಹೋದ್ರ ಕೂಸಿನ ಮೆದುಳು ಸರಿ ಬೆಳ್ಯಂಗಿಲ್ಲ ಅಂತ ಈಗಷ್ಟೇ ಡಾಕ್ಟರ್ ಹೇಳಿಲ್ಲೇನ್ರಿ?”

“ಹಲ್ಲು ಬರಾಕತ್ತಾವ, ತಣ್ಣಗ ಇರ್ತದ, ಬಿಡು.”

“ಮುಂದ ಸಾಲ್ಯಾಗ ಏನೂ ತಲಿಗೆ ಹತ್ತಂಗಿಲ್ಲಂತ್ರಿ.”

“ಬುದ್ಧಿ ಅಪ್ಪನಿಂದ ಬರ್ತದ ಬಾಲಮ್ಮ, ಗುಂಡಿನಿಂದಲ್ಲ. ನಿನ್ನ ಗಂಡನೂ ಇದನ್ನೇ ಚೀಪಿ ಬೆಳದಾನ. ಏನಾಗೇದ ಅವನಿಗೆ?”

ಅಷ್ಟರಲ್ಲಿ ಮಾನ್ವಿ ಬೋರ್ಡಿನ ಬಸ್ಸಿನ ಕಿಟಕಿಯಿಂದ ಒಬ್ಬ ತಲೆ ಹೊರಹಾಕಿ ಕೂಗಿದ:

“ಯವ್ವಾ, ದೇವದುರ್ಗದ ಬಸ್ಸಿನ್ಯಾಗ ಸೀಟು ಹಿಡ್ದೀನಿ, ಬರ್ರಿ!”

ಅತ್ತೆ ಮಗನನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಗುಂಡು ಕಸಿದು ಸೆರಗಿಗೆ ಗಂಟು ಹಾಕಿದಳು.

“ನಡಿ, ಮೊದಲು ಅವನ್ನ ಇಳಿಸೋಣು.”