ಏಕಾದಶಿಯ ದಿನ ಹಲ್ಲಿಗೆ ಲವಂಗ

ಎಂಬತ್ತೆರಡನೇ ಇಸವಿಯ ಒಂದು ಏಕಾದಶಿ. ಮಣಿಪಾಲದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ತಾಯಿ ಮಗಳು ಕೂತಿದ್ದರು. ತಾಯಿ ಆಗಷ್ಟೇ ಹುಳುಕು ಹಲ್ಲಿಗೆ ಮದ್ದು ತುಂಬಿಸಿಕೊಂಡು ಬಂದಿದ್ದರು. ಇಂಥಲ್ಲಿ ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

“ಬಾಯಿ ತುಂಬ ಲವಂಗದ ರುಚಿ, ಸುಭಾಷಿಣಿ. ನನ್ನ ಉಪವಾಸ ಕೆಟ್ಟಿತು.”

“ಅದು ಯೂಜಿನಾಲ್ ಅಮ್ಮ. ನೋವಿಗೆ ಹಾಕುತ್ತಾರೆ.”

“ಹೆಸರು ಎಂತದ್ದಾದರೂ ಲವಂಗದ್ದೇ ಅಲ್ವಾ? ಮದುವೆಯಾದಂದಿನಿಂದ ಒಂದು ಏಕಾದಶಿಯನ್ನೂ ತಪ್ಪಿಸಿದವಳಲ್ಲ ನಾನು.”

“ಲವಂಗದ ಎಣ್ಣೆಯಲ್ಲಿ ಹೆಚ್ಚಿನದ್ದು ಅದೇ. ಆದರೆ ನಮ್ಮ ಕಟ್ಟೆಯ ತುಳಸಿಯಲ್ಲೂ ಅದು ಉಂಟು. ಕಾಲೇಜಿನ ಲ್ಯಾಬಿನಲ್ಲಿ ನಾನೇ ಎಲೆಯಿಂದ ಎಣ್ಣೆ ತೆಗೆದು ನೋಡಿದ್ದೇನೆ.”

“ಮತ್ತೆ ತುಳಸಿಗೆ ಈ ವಾಸನೆ ಇಲ್ಲವಲ್ಲ?”

“ಅದರ ಎಣ್ಣೆಯಲ್ಲಿ ಬೇರೆ ಅಂಶಗಳೂ ಬೆರೆತಿರುತ್ತವೆ. ಯೂಜಿನಾಲ್ ಮಾತ್ರ ಎರಡರಲ್ಲೂ ಒಂದೇ, ಚೂರೂ ವ್ಯತ್ಯಾಸ ಇಲ್ಲ. ಒಂದು ದಳ ತುಳಸಿ ಬಾಯಿಗೆ ಹಾಕಿಕೊಂಡೆ ಅಂತ ತಿಳಿದುಕೋ, ಅದಕ್ಕೆ ಉಪವಾಸ ಕೆಡುವುದಿಲ್ಲವಲ್ಲ.”

ಕಲ್ಸಂಕದಲ್ಲಿ ಬಸ್ಸು ನಿಂತಾಗ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು.

“ಆಗಲಿ. ನಾಳೆ ಪೂಜೆಗೆ ತುಳಸಿ ಬದಲು ಲವಂಗ ಏರಿಸುತ್ತೇನೆ. ನೀನೇ ಪಕ್ಕದಲ್ಲಿ ನಿಂತು ದೇವರಿಗೆ ಹೇಳು, ಚೂರೂ ವ್ಯತ್ಯಾಸ ಇಲ್ಲ ಅಂತ.”

ಮಗಳು ತಾಯಿಯ ಹಿಂದೆಯೇ ಇಳಿದಳು.